ಹೆಸರಿಟ್ಟ ದಿನದ ನೆಗಡಿ

ಶಿಕಾರಿಪುರದ ಜಗದಾಂಬನಿಗೆ ಹೊಟ್ಟೆಕಿಚ್ಚು ಇತ್ತು. ಅದನ್ನು ಮಮತೆ, ಕಾಳಜಿ, ಮನೆತನದ ಅಭಿಮಾನ ಎಂದೆಲ್ಲ ಕರೆಯಬಹುದು, ಅವಳು ಹಾಗೆಯೇ ಕರೆಯುತ್ತಿದ್ದಳು. ಆದರೆ ಮೊಮ್ಮಗ ಹುಟ್ಟಿದ ಮೇಲೆ ಅವಳಿಗೆ ಉಂಡ ಅನ್ನ ಮೈಗೆ ಹತ್ತದೆ ಹೋದದ್ದು ಮಮತೆಯಿಂದಲ್ಲ. ಮಗು ಆನವಟ್ಟಿಯಲ್ಲಿತ್ತು. ಬೀಗಿತ್ತಿ ಲೋಕಮ್ಮನ ಮಡಿಲಲ್ಲಿತ್ತು. ಅದಕ್ಕೆ.

ಮೊದಲ ಬಾಣಂತನ ತವರುಮನೆಯದು, ಐದನೇ ತಿಂಗಳಿಗೆ ತೊಟ್ಟಿಲ ಸಮೇತ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವುದು ಎಂಬ ರೂಢಿ ನಿನ್ನೆ ಮೊನ್ನೆಯದಲ್ಲ. ಜಗದಾಂಬ ಕೂಡ ಮಗ ಸಿದ್ಧಲಿಂಗೇಶನನ್ನು ಹೆತ್ತಾಗ ತವರಲ್ಲಿ ಕಾಲು ನೀಡಿಕೊಂಡು ಕೂತು ತುಪ್ಪ ತಿಂದವಳೇ. ಆಗ ತನ್ನ ಅತ್ತೆ ಇಲ್ಲಿ ಹೇಗೆ ದಿನ ದೂಡಿದಳೋ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ತನ್ನ ಪಾಳಿ ಬಂದಾಗ ಮಾತ್ರ ರೂಢಿಯೇ ತಪ್ಪು ಎನಿಸುತ್ತಿತ್ತು. ಸೊಸೆ ಶರಣ್ಯಳ ಮೇಲೆ ದೂರಿರಲಿಲ್ಲ, ಒಳ್ಳೆಯ ಹುಡುಗಿ. ದೂರೆಲ್ಲ ಸೊಸೆಯ ತಾಯಿಯ ಮೇಲೆ.

ಲೋಕಮ್ಮ ಗಂಡನನ್ನು ಕಳೆದುಕೊಂಡವಳು. ಆನವಟ್ಟಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹಿಟ್ಟಿನ ಗಿರಣಿ ನಡೆಸಿಕೊಂಡು ಇದ್ದೊಬ್ಬ ಮಗಳನ್ನು ಓದಿಸಿ ಮದುವೆ ಮಾಡಿದವಳು. ಮಾತು ಕಡಿಮೆ, ಕೈ ಚುರುಕು. ಜಗದಾಂಬನಿಗೆ ಸಿಟ್ಟಿದ್ದದ್ದು ಆ ಕೈಯ ಮೇಲೆ. ಮಗು ಹುಟ್ಟಿದ ಹೊಸದರಲ್ಲಿ ಅವಳು ಗಂಡನ ಜೊತೆ ನೋಡಲು ಹೋದಾಗ ಲೋಕಮ್ಮ ಬಾಗಿಲಲ್ಲೇ, "ಈಗ ತಾನೆ ಮಲಗೈತೆ ಅಕ್ಕಾರೆ, ಟೀ ಕುಡೀರಿ" ಎಂದಿದ್ದಳು. ಟೀ ಆಯಿತು, ಮಂಡಕ್ಕಿ ಆಯಿತು, ಮಗು ಮಲಗಿಯೇ ಇತ್ತು. ಕೊನೆಗೆ ಎದ್ದಾಗ ಜಗದಾಂಬ ಎತ್ತಿಕೊಂಡಳು. ಮಗು ಅವಳ ಮುಖ ನೋಡಿ ತುಟಿ ಸೊಟ್ಟ ಮಾಡಿ ಅಳಲು ಶುರು ಮಾಡಿತು. ಲೋಕಮ್ಮ ಬಂದು ಇಸಿದುಕೊಂಡು ಭುಜಕ್ಕೆ ಹಾಕಿಕೊಂಡಳು, ಅಷ್ಟಕ್ಕೇ ಸುಮ್ಮನಾಯಿತು. ಅತ್ತದ್ದಕ್ಕೆ ಜಗದಾಂಬನಿಗೆ ಬೇಸರವಾಗಲಿಲ್ಲ. ಮಕ್ಕಳೆಂದರೆ ಅಳುತ್ತವೆ. ಸುಮ್ಮನಾಯಿತಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು.

ಆಮೇಲೆ ವಾಟ್ಸಾಪಿನ ಕಾಟ. ಲೋಕಮ್ಮನ ಸ್ಟೇಟಸ್ಸಿನಲ್ಲಿ ದಿನವೂ ಮಗು. ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುವ ಮಗು, ನೀರು ಹಾಕಿಸಿಕೊಂಡು ನಿದ್ದೆಹೋದ ಮಗು, ಅಜ್ಜಿಯ ಬೆರಳು ಹಿಡಿದ ಮಗು. ಆ ಬೆರಳು ಯಾರದು ಎಂದು ಊರಿಗೆಲ್ಲ ಗೊತ್ತಾಗುವ ಹಾಗೆ ಹಿಟ್ಟು ಮೆತ್ತಿದ ಬಳೆ ಬೇರೆ. ಜಗದಾಂಬ ಬೆಳಿಗ್ಗೆ ಎದ್ದು ದೇವರ ಮುಖ ನೋಡುವ ಮೊದಲು ಆ ಸ್ಟೇಟಸ್ ನೋಡುತ್ತಿದ್ದಳು, ನೋಡಿ ಇಡೀ ದಿನ ಕೆಡಿಸಿಕೊಳ್ಳುತ್ತಿದ್ದಳು.

"ಅಸಲಿಗಿಂತ ಬಡ್ಡಿ ಮ್ಯಾಲೆ ಆಸೆ ಜಾಸ್ತಿ ಅಂತಾರ. ನೀನು ಅಸಲು ಮರ್ತೇ ಬಿಟ್ಟಿ ನೋಡು" ಎಂದು ಗಂಡ ಮಹೇಶ್ವರಪ್ಪ ನಗುತ್ತಿದ್ದ. ಅವನದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಮಗ ಸಿದ್ಧಲಿಂಗೇಶನೂ ಅಲ್ಲೇ ಕೂರುತ್ತಿದ್ದ. ಭಾನುವಾರ ಅಂಗಡಿ ಮುಚ್ಚಿ ಬೈಕ್ ಹತ್ತಿ ಆನವಟ್ಟಿಗೆ ಹೋಗುತ್ತಿದ್ದ ಮಗನ ಮೇಲೂ ಅವಳಿಗೆ ಅಸೂಯೆ. ಅವನಿಗೆ ಯಾರೂ "ಮಲಗೈತೆ" ಎನ್ನುವುದಿಲ್ಲವಲ್ಲ.

ಮೂರನೇ ತಿಂಗಳಿಗೆ ಹೆಸರಿಡುವ ಶಾಸ್ತ್ರ ಎಂದಾಯಿತು. ಅವರ ಕಡೆ ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಮಗುವಿನ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಗೆ ಬಾಯಿ ಹಚ್ಚಿ 'ಕುರ್ರ್' ಎಂದು ಸದ್ದು ಮಾಡಿ ಹೆಸರು ಕರೆಯಬೇಕು. ಹಾಗೆ ಕರೆಯುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಗುದ್ದುವುದೇ ಒಂದು ಸಂಭ್ರಮ, ಹಳೆಯ ಸಿಟ್ಟಿದ್ದವರು ಇನ್ನೂ ಸ್ವಲ್ಪ ಜೋರಾಗಿ ಗುದ್ದುತ್ತಾರೆ. ಜಗದಾಂಬನಿಗೆ ಹೆಣ್ಣುಮಕ್ಕಳಿಲ್ಲ. ಹಾಗಾಗಿ ಮಹೇಶ್ವರಪ್ಪನ ತಮ್ಮನ ಮಗಳು, ಈಸೂರಿನ ಗಂಗಾಶ್ರೀ ಕರೆಯುವುದೆಂದು ಎರಡೂ ಮನೆಯವರು ಫೋನಿನಲ್ಲಿ ಒಪ್ಪಿದ್ದರು. ಜಗದಾಂಬನೂ ಹೂಂ ಎಂದಿದ್ದಳು, ಆಗ.

ಶಾಸ್ತ್ರದ ಹಿಂದಿನ ದಿನ ಅವಳಿಗೆ ನೆಗಡಿಯಾಯಿತು. ಮೂಗು ಸೋರಿತು, ಗಂಟಲು ಕಿರಿಕಿರಿ, ಸಣ್ಣ ಕೆಮ್ಮು. ಅದೇ ಹೊತ್ತಿಗೆ ಮನೆಯವರ ಗುಂಪಿಗೆ ಶರಣ್ಯಳ ಮೆಸೇಜು ಬಂತು. ನೆಗಡಿ, ಕೆಮ್ಮು, ಜ್ವರ ಇದ್ದವರು ದಯವಿಟ್ಟು ಮಗುವಿನ ಹತ್ತಿರ ಬರಬೇಡಿ ಎಂದು ಲಸಿಕೆ ಹಾಕಿಸುವಾಗ ಡಾಕ್ಟರು ಹೇಳಿದ್ದಾರೆ, ಯಾರೂ ತಪ್ಪು ತಿಳಿಯಬೇಡಿ ಎಂದಿತ್ತು.

ಜಗದಾಂಬ ತಪ್ಪು ತಿಳಿದಳು. "ಇದು ಡಾಕ್ಟರ ಮಾತಲ್ರೀ. ಆನವಟ್ಟಿ ಮಾತು. ನಾನು ಮಗು ಮುಟ್ಟಬಾರದು ಅಂತ ಬರಸ್ಯಾಳ."

"ನಿಂಗ ನೆಗಡಿ ಆಗಿದ್ದು ಆಕಿಗೆ ಹೆಂಗ ಗೊತ್ತಾಗ್ಬೇಕು?" ಎಂದ ಮಹೇಶ್ವರಪ್ಪ. "ಸುಮ್ನ ದೂರ ಕುಂತು ನೋಡ್ಕಂಡು ಬಾ. ಇಲ್ಲ ಮನೀಲಿರು."

"ನೆಗಡಿ ಆತು ಅಂತ ಮೂಗು ಕೊಯ್ಕಂತಾರೇನು? ನನ್ನ ಮೊಮ್ಮಗನ ಹೆಸರಿಡೋ ದಿನ ನಾನು ಮನೀಲಿರ್ಬೇಕಾ? ಹಂಗಂತ ಲೋಕಮ್ಮನೂ ಹಾರೈಸ್ಕೊಂಡಿರ್ತಾಳ."

ಮಹೇಶ್ವರಪ್ಪ ಇಂಥ ಮಾತಿಗೆ ಉತ್ತರ ಹುಡುಕುವ ಗಂಡಸಲ್ಲ. ಅವನು ಟಿವಿ ಜೋರು ಮಾಡಿದ. ಬರಿಯ ನೆಗಡಿ ತಾನೆ ಎಂದು ಅವನಿಗೂ ಅನಿಸಿತ್ತು. ಜಗದಾಂಬ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿದಳು. ಎದೆಗೆ, ಮೂಗಿಗೆ ನೋವಿನ ಮುಲಾಮು ತಿಕ್ಕಿಕೊಂಡಳು. ಬೆಳಿಗ್ಗೆ ಆ ವಾಸನೆ ಅಡಗಲೆಂದು ಎರಡು ಪಟ್ಟು ಮಲ್ಲಿಗೆ ಮುಡಿದಳು. ಕೆಮ್ಮು ಬಾರದಿರಲೆಂದು ದವಡೆಯಲ್ಲಿ ಲವಂಗ ಇಟ್ಟುಕೊಂಡಳು. ಕಳ್ಳತನಕ್ಕೆ ಹೊರಟವರೂ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ.

ಕಾರು ಶಿರಾಳಕೊಪ್ಪ ದಾಟಿ ಆನವಟ್ಟಿ ಮುಟ್ಟಿದಾಗ ಗಿರಣಿಯ ಮುಂದೆ ಶಾಮಿಯಾನ ಹಾಕಿತ್ತು. ಲೋಕಮ್ಮ ಕಾಲಿಗೆ ನೀರು ಕೊಟ್ಟು ಬೀಗಿತ್ತಿಯನ್ನು ಒಳಗೆ ಕರೆದಳು. ಹತ್ತಿರ ನಿಂತು, "ದನಿ ಯಾಕೋ ಕೂತಂಗೈತೆ ಅಕ್ಕಾರೆ" ಎಂದಳು.

"ಕಾರಿನಾಗ ಎಸಿ ಹಾಕಿದ್ರು. ಅದು ನಂಗ ಒಗ್ಗಲ್ಲ."

ಲೋಕಮ್ಮ ಅವಳ ಮುಖವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು, "ಬರ್‍ರಿ, ಒಳಗೆ ಬರ್‍ರಿ" ಎಂದಳು. ಜಗದಾಂಬ ಗೆದ್ದೆ ಎಂದುಕೊಂಡಳು.

ತೊಟ್ಟಿಲು ಹೂವಿನಲ್ಲಿ ಮುಚ್ಚಿಹೋಗಿತ್ತು. ಮಗು ಕೆಂಪು ಕುಲಾವಿ ಹಾಕಿಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಲೋಕಮ್ಮ ಹಾಡಿನ ಧಾಟಿಯಲ್ಲಿ ಏನೋ ಗುನುಗಿದರೆ ಆ ಕಡೆ ತಿರುಗುತ್ತಿತ್ತು. ಬಂದ ಹೆಂಗಸರೆಲ್ಲ "ಅಜ್ಜಿ ದನಿ ಗುರ್ತು ಹಿಡೀತೈತೆ ನೋಡ್ರಿ" ಎಂದು ಲೋಕಮ್ಮನನ್ನು ಹೊಗಳಿದರು. ಅಜ್ಜಿ! ಹಾಗಾದರೆ ತಾನು ಯಾರು? ಗಂಗಾಶ್ರೀ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಾಗ ಜಗದಾಂಬ ಅವಳ ತೋಳು ಹಿಡಿದಳು.

"ನೀ ಇರು ಗಂಗಾ. ನಾ ಕರೀತೀನಿ."

"ದೊಡ್ಡವ್ವ, ಅತ್ತೆ ಅಲ್ವಾ ಕರೆಯೋದು?"

"ಅತ್ತಿ ಇಲ್ದಿದ್ರ ಅಜ್ಜಿ ಕರೀತಾಳ. ನಮ್ಮನಿ ಪದ್ಧತಿ."

ಅಂಥ ಪದ್ಧತಿ ಅವರ ಮನೆಯಲ್ಲಿ ಅದೇ ಕ್ಷಣ ಹುಟ್ಟಿತ್ತು. ಆದರೆ ಗಂಡಿನ ತಾಯಿ ಎಲ್ಲರೆದುರು ಹಾಗೆಂದ ಮೇಲೆ ಅಲ್ಲವೆನ್ನುವವರು ಯಾರು? ಗಂಗಾಶ್ರೀ ಹಿಂದೆ ಸರಿದಳು. ಶರಣ್ಯ ತಾಯಿಯ ಮುಖ ನೋಡಿದಳು. ಲೋಕಮ್ಮ ನೆಲ ನೋಡಿದಳು.

ಜಗದಾಂಬ ತೊಟ್ಟಿಲಿಗೆ ಬಗ್ಗಿದಳು. ಎಳೆಯ ಕಿವಿ, ಹಾಲಿನ ವಾಸನೆ, ಬಿಸಿ ಉಸಿರು. ಈ ಕಿವಿಗೆ ಮೊದಲು ಬೀಳುವ ಹೆಸರು ನನ್ನ ದನಿಯಲ್ಲಿ ಎಂದುಕೊಂಡಳು. 'ಕುರ್ರ್' ಎಂದಳು. ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದತೊಡಗಿದರು. "ವಚನ್" ಎಂದು ಕರೆದಳು. ಗುದ್ದು ಬಿತ್ತು. ಇನ್ನೊಮ್ಮೆ "ವಚನ್" ಎಂದಳು. ಬೆಳಗಿನಿಂದ ಲವಂಗ ಕಚ್ಚಿಕೊಂಡು ತಡೆದಿದ್ದ ಕೆಮ್ಮು ಆ ಗುದ್ದಿಗೆ ಕಿತ್ತುಕೊಂಡು ಹೊರಗೆ ಬಂತು. ಮೂರನೆಯ ಸಲ ಹೆಸರಿಗಿಂತ ಕೆಮ್ಮೇ ಹೆಚ್ಚಾಗಿತ್ತು. ಹೆಂಗಸರು ಗೊಳ್ಳೆಂದು ನಕ್ಕರು. "ಬೆನ್ನು ಮುರಿದ್ರಲ್ರೇ" ಎಂದು ಜಗದಾಂಬನೂ ನಕ್ಕು, ಅದೇ ಬಾಯಿಂದ ಮಗುವಿನ ಕೆನ್ನೆಗೆ ಲೊಚಲೊಚ ಮುತ್ತಿಟ್ಟಳು. ನಗದೆ ಇದ್ದವಳು ಲೋಕಮ್ಮ ಒಬ್ಬಳೇ. ಅವಳಿಗೆ ಹೊಟ್ಟೆಕಿಚ್ಚು ಎಂದು ಜಗದಾಂಬ ಕಾರಿನಲ್ಲಿ ಈಸೂರಿನ ತಿರುವಿನವರೆಗೂ ಗಂಗಾಶ್ರೀಗೆ ವಿವರಿಸಿದಳು.

ವಾರ ತುಂಬುವುದರೊಳಗೆ ಮಗುವಿನ ಮೂಗು ಕಟ್ಟಿತು. ಲೋಕಮ್ಮನ ಸ್ಟೇಟಸ್ ನಿಂತಿತು. ಮೊದಲ ದಿನ ಜಗದಾಂಬನಿಗೆ ಅದರಿಂದ ಸಮಾಧಾನವೇ ಆಯಿತು, ಯಾಕೆ ನಿಂತಿತು ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಆಮೇಲೆ ಮಗುವಿಗೆ ಕೆಮ್ಮು ಬಂತು. ಮೊಲೆ ಹಿಡಿದು ಎರಡು ಗುಟುಕು ಎಳೆದು ಬಿಟ್ಟುಬಿಡುತ್ತಿತ್ತು, ಉಸಿರಾಡಲು ಬಾಯಿ ಬೇಕಾಗುತ್ತಿತ್ತು. ಬಟ್ಟೆ ಒದ್ದೆಯಾಗುವುದೇ ಕಡಿಮೆಯಾಯಿತು. ಒಂದು ಮಧ್ಯಾಹ್ನ ಲೋಕಮ್ಮ ಅಂಗಿ ಬಿಚ್ಚಿ ನೋಡಿದರೆ ಮಗುವಿನ ಪಕ್ಕೆ ಪ್ರತಿ ಉಸಿರಿಗೂ ಗುಳಿ ಬಿದ್ದು ಒಳಕ್ಕೆ ಹೋಗುತ್ತಿತ್ತು, ಎದೆಯಲ್ಲಿ ಸಿಳ್ಳೆಯ ಸದ್ದು. ಆನವಟ್ಟಿಯ ಡಾಕ್ಟರು ಮುಟ್ಟಿ ನೋಡಿ, ತಡ ಮಾಡಬೇಡಿ, ಆಕ್ಸಿಜನ್ ಇರುವ ಕಡೆ ಹೋಗಿ ಎಂದು ಚೀಟಿ ಕೊಟ್ಟು ಆಂಬುಲೆನ್ಸ್ ಕರೆಸಿದರು. ಸಿದ್ಧಲಿಂಗೇಶ ಫೋನಿನಲ್ಲಿ, "ಇಲ್ಲಿಗೇ ಕರ್ಕಂಡ್ ಬಾ" ಎಂದ. ಹಾಗೆ ವಚನ್ ಶಿಕಾರಿಪುರಕ್ಕೆ ಬಂದ.

ಇಷ್ಟು ದಿನ ಮಗು ಈ ಊರಿಗೆ ಬರಲೆಂದು ಹಂಬಲಿಸಿದವಳು ಜಗದಾಂಬ. ಬಂದದ್ದು ಹೀಗೆ. ಮಕ್ಕಳ ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸಿನಿಂದ ಇಳಿದ ಲೋಕಮ್ಮನ ತೋಳಲ್ಲಿ ಮಗುವಿನ ತುಟಿ ನೀಲಿ ತಿರುಗಿದ್ದು ಕಂಡು ಜಗದಾಂಬ ನರ್ಸನ್ನು ಕೂಗಿದಳು. ಆದರೂ ನೋಡಿ, ಹೆದರಿಕೆ ಒಂದು ಕಡೆ ಇರುವಾಗಲೇ ಇನ್ನೊಂದು ಕಡೆಯಿಂದ ಆ ಹಳೆಯ ಹುಳ ತಲೆ ಎತ್ತಿತು. ಇಂಥ ಹೊತ್ತಿನಲ್ಲೂ ಮಗು ಅವಳ ತೋಳಲ್ಲೇ ಯಾಕಿರಬೇಕು?

ಮಗುವಿನ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿದರು. ಮೂಗಿನ ಗೊಣ್ಣೆಯನ್ನು ಯಂತ್ರದಿಂದ ಎಳೆದು ತೆಗೆದರು. ಹಾಲು ಹೋಗಲು ಇನ್ನೊಂದು ಸಪೂರ ಕೊಳವೆ ಹೊಟ್ಟೆಯವರೆಗೆ ಇಳಿಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಎಲ್ಲರನ್ನೂ ಹೊರಗೆ ನಿಲ್ಲಿಸಿಕೊಂಡು ನಿಧಾನವಾಗಿ ಹೇಳಿದರು.

"ಇದು ಆರ್‌ಎಸ್‌ವಿ ಅಂತ ಒಂದು ವೈರಸ್. ದೊಡ್ಡೋರಿಗೆ ಬಂದ್ರೆ ಬರೀ ನೆಗಡಿ, ನಾಲ್ಕು ದಿನ ಮೂಗು ಸೋರಿ ಹೋಗುತ್ತೆ. ಇಷ್ಟು ಸಣ್ಣ ಮಕ್ಕಳಿಗೆ ಎದೆ ಒಳಗಿನ ಗಾಳಿ ಕೊಳವೆ ಊದ್ಕೊಂಡು ಕಟ್ಕೊಳ್ತವೆ. ಇದನ್ನ ಕೊಲ್ಲೋ ಔಷಧಿ ಇಲ್ಲ. ಉಸಿರಿಗೆ ಆಸರೆ ಕೊಟ್ಟು, ಹೊಟ್ಟೆಗೆ ಹಾಲು ಕೊಟ್ಟು ಕಾಯಬೇಕು. ಇನ್ನೂ ಸ್ವಲ್ಪ ಜಾಸ್ತಿ ಆಗಿ ಆಮೇಲೆ ಇಳೀಬಹುದು."

"ಮಗೂಗೆ ಲೋಬಾನದ ಹೊಗೆ ಹಾಕ್ತಿದ್ವಿ" ಎಂದಳು ಶರಣ್ಯ, ಅಳುತ್ತಾ.

"ಅದನ್ನ ನಿಲ್ಲಿಸಿ. ಒಳ್ಳೇದಲ್ಲ. ಆದ್ರೆ ಇದು ಹೊಗೆಯಿಂದ ಬಂದಿದ್ದಲ್ಲ, ಇನ್ನೊಬ್ಬರಿಂದ ಬಂದಿದ್ದು. ಮನೇಲಿ ಯಾರಿಗಾದ್ರೂ ನೆಗಡಿ, ಕೆಮ್ಮು ಇತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಗದಾಂಬ ಮೂಗು ಮುಟ್ಟಿಕೊಂಡಳು. ಮೂಗು ಒಣಗಿತ್ತು, ನೆಗಡಿ ಹೋಗಿ ಎರಡು ದಿನವಾಗಿತ್ತು. ಮಹೇಶ್ವರಪ್ಪ ಅವಳ ಕಡೆ ನೋಡಿದ. ಲೋಕಮ್ಮ ಯಾರ ಕಡೆಯೂ ನೋಡಲಿಲ್ಲ. ಯಾರಾದರೂ ಬಾಯಿ ಬಿಡುವ ಮೊದಲು ತಾನೇ ಬಿಡಬೇಕು ಎನಿಸಿ ಜಗದಾಂಬ ಅಂದಳು.

"ಅವ್ರ ಮನೀ ಮುಂದ ಗಿರಣಿ ಐತಿ ಡಾಕ್ಟ್ರೇ. ಹಿಟ್ಟು ಹಾಕ್ಸಾಕ ಬರೋರು ಒಬ್ರಾ, ಇಬ್ರಾ? ಕೆಮ್ಮೋರು, ಸೀನೋರು ಎಲ್ಲ ಬರ್ತಾರ. ಅಲ್ಲಿಂದ ಎದ್ದು ಬಂದು ಅದೇ ಕೈಲಿ ಮಗು ಎತ್ಕಂತಾರ."

ಡಾಕ್ಟರು, "ಹಾಗೂ ಇರಬಹುದು" ಎಂದು ಒಳಗೆ ಹೋದರು. ಟಿವಿ ಜೋರು ಮಾಡಲು ಅಲ್ಲಿ ಟಿವಿ ಇರಲಿಲ್ಲ, ಮಹೇಶ್ವರಪ್ಪ ಹೊರಗೆ ಹೋಗಿ ಬೈಕುಗಳ ನಡುವೆ ನಿಂತ. ಸಿದ್ಧಲಿಂಗೇಶ ಮಾತ್ರ ಆ ಮಾತನ್ನು ಹಿಡಿದುಕೊಂಡ. ಹೆದರಿದ ಅಪ್ಪನಿಗೆ ಯಾರ ಮೇಲಾದರೂ ಸಿಟ್ಟಾಗಬೇಕಿತ್ತು, ಅಮ್ಮ ಹೆಸರು ಹೇಳಿಕೊಟ್ಟಳು. ಅವನು ಅತ್ತೆಯ ಮುಂದೆ ನಿಂತು, "ನಾನು ಹೇಳಿದ್ದೆ, ಮಗು ಇರೋವರೆಗೂ ಗಿರಣಿ ಬಂದ್ ಮಾಡ್ರಿ ಅಂತ" ಎಂದ. ಲೋಕಮ್ಮ, "ಹೌದು ಕಣಪ್ಪ, ನೀನು ಹೇಳಿದ್ದೆ" ಎಂದಷ್ಟೇ ಹೇಳಿದಳು. ಗಿರಣಿ ಬಂದ್ ಮಾಡಿದರೆ ಬಾಣಂತಿಗೆ ತುಪ್ಪ ಎಲ್ಲಿಂದ ಬರಬೇಕು ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ.

ಮರುದಿನ ಮಗುವಿಗೆ ಇನ್ನೂ ಕಷ್ಟವಾಯಿತು. ನಳಿಗೆ ಸಾಲದೆ, ಮೂಗಿಗೆ ಒತ್ತಿ ಗಾಳಿ ಕೊಡುವ ಯಂತ್ರ ಹಾಕಿದರು. ಮಗುವಿನ ಮುಖ ಪಟ್ಟಿಗಳ ಕೆಳಗೆ ಮುಚ್ಚಿಹೋಯಿತು. ಇಲ್ಲಿ ಆಗದಿದ್ದರೆ ಶಿವಮೊಗ್ಗಕ್ಕೆ ಕಳಿಸಬೇಕಾಗಬಹುದು, ದಾರಿಯೂ ಅಪಾಯವೇ ಎಂದರು ಡಾಕ್ಟರು. ಜಗದಾಂಬ ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಅದೇ ಹೊತ್ತಿಗೆ, ಗಾಜಿನ ಬಾಗಿಲಾಚೆ ಲೋಕಮ್ಮ ಮಗುವಿನ ಅಂಗಾಲಿಗೆ ಬೆರಳಿಟ್ಟುಕೊಂಡು ಏನೋ ಗುನುಗುವುದನ್ನೂ, ಮಗುವಿನ ಒದ್ದಾಟ ಸ್ವಲ್ಪ ಕಡಿಮೆಯಾಗುವುದನ್ನೂ ನೋಡಿದಳು. ಕಡಿಮೆಯಾಯಿತಲ್ಲ ಎಂದು ಕೈ ಮುಗಿಯುವುದನ್ನು ಬಿಟ್ಟು, ನಾನು ಬೆರಳಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡಳು. ಉಸಿರಿಗೆ ಹೋರಾಡುವ ಮಗುವಿನ ಮುಂದೆಯೂ ಈ ಲೆಕ್ಕ. ತನಗೇ ಅಸಹ್ಯವಾಯಿತು. ಆದರೆ ಅಸಹ್ಯವಾದರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರು ಹೇಳಿದ್ದು?

ಆ ಸಂಜೆ ಸಿದ್ಧಲಿಂಗೇಶ ಎಲ್ಲರ ಮುಂದೆ ತೀರ್ಮಾನ ಹೇಳಿದ. "ಇವ್ನು ಹುಷಾರಾದ್ರೆ ಸೀದಾ ನಮ್ಮನೆಗೆ. ಆನವಟ್ಟಿಗೆ ಕಳಿಸಲ್ಲ. ಬಾಣಂತನ ಸಾಕು." ಶರಣ್ಯ ತಲೆ ಎತ್ತಿ ತಾಯಿಯ ಮುಖ ನೋಡಿದಳು. ಜಗದಾಂಬ ಬಯಸಿದ್ದು ಅಷ್ಟೇ ಅಲ್ಲವೆ? ಸಿಕ್ಕಿತು. ಮನೆಗೆ ಹೋಗಿ ಉಣ್ಣಲು ಕೂತವಳು ತಟ್ಟೆ ಸರಿಸಿ ಎದ್ದಳು.

ಇನ್ನೂ ಒಂದು ದಿನ ಹಾಗೇ ಹೋಯಿತು. ಆಮೇಲೆ, ಒಂದು ಬೆಳಿಗ್ಗೆ, ಪಕ್ಕೆಯ ಗುಳಿ ಸಣ್ಣದಾದಂತೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಒತ್ತಿ ಗಾಳಿ ಕೊಡುವ ಯಂತ್ರ ತೆಗೆದು ಮತ್ತೆ ನಳಿಗೆ ಹಾಕಿದರು. "ಚೇತರಿಸ್ಕೊಳ್ತಿದ್ದಾನೆ" ಎಂದರು. ಮಹೇಶ್ವರಪ್ಪ ಅಂಗಡಿಯಲ್ಲಿದ್ದವನು ಫೋನಿನಲ್ಲೇ ಅತ್ತ.

ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಅಜ್ಜಿಯರು ಉಳಿದರು, ನಡುವೆ ಒಬ್ಬರು ಕೂರುವಷ್ಟು ಜಾಗ. ಲೋಕಮ್ಮ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಿದ್ದಳು. ಜಗದಾಂಬನ ಕಡೆ ತಿರುಗದೆ ಮಾತಾಡಿದಳು.

"ಅವತ್ತು ಬಾಗಿಲಾಗೇ ನಂಗೆ ಮುಲಾಮಿನ ವಾಸ್ನೆ ಬಂತು ಅಕ್ಕಾರೆ. ಮಲ್ಲಿಗೆ ಎಷ್ಟು ಮುಡಿದ್ರೂ ಅದು ಅಡಗಲ್ಲ."

ಜಗದಾಂಬ, "ಗೊತ್ತಿದ್ದೂ ಯಾಕ ಸುಮ್ನಿದ್ರಿ?" ಎಂದಳು. ಕೇಳುವಾಗ ದನಿಯಲ್ಲಿ ಆರೋಪವಿತ್ತು, ಅದೊಂದು ಅವಳ ಹುಟ್ಟುಗುಣ.

"ಬ್ಯಾಡ ಅಂದಿದ್ರೆ ಏನಾಗ್ತಿತ್ತು? ಗಂಡಿನ ಮನೆಯೋರಿಗೆ ಮರ್ಯಾದಿ ಕೊಡ್ಲಿಲ್ಲ ಅಂತ ಅವತ್ತೇ ಮಗು ಎತ್ಕೊಂಡು ಹೊರಡ್ತಿದ್ರಿ. ಸಿದ್ಧಲಿಂಗೇಶನೂ ನಿಮ್ ಕಡೀಗೇ ನಿಲ್ತಿದ್ದ. ನಂಗೆ ಇನ್ನೂ ಎರಡು ತಿಂಗಳು ಬೇಕಾಗಿತ್ತು." ಲೋಕಮ್ಮ ಸೆರಗು ಸರಿಮಾಡಿಕೊಂಡಳು. "ನಿಮಗೇನು, ಅವನು ಹುಟ್ಟಾ ನಿಮ್ಮನೆಯೋನು. ಶಾಲೆಗೆ ನಿಮ್ಮನೆಯಿಂದ ಹೋಗ್ತಾನೆ, ಹಬ್ಬಕ್ಕೆ ನಿಮ್ಮನೇಲಿರ್ತಾನೆ, ಸಾಯೋವರೆಗೂ ನಿಮ್ಮ ಮನೆ ಹೆಸರು. ನಂಗೆ ಇದ್ದಿದ್ದು ಈ ಐದು ತಿಂಗಳು. ಅದ್ಕೇ ನೀವು ಬಂದಾಗೆಲ್ಲ ಮಲಗೈತೆ ಅಂತಿದ್ದೆ. ಎಚ್ಚರ ಇದ್ರೂ ಅಂತಿದ್ದೆ. ಹೊಟ್ಟೆಕಿಚ್ಚು ನಿಮ್ಮೊಬ್ರದೇ ಅಂದ್ಕಂಡ್ರಾ?"

ಜಗದಾಂಬ ಬೆಂಚಿನ ಅಂಚು ಹಿಡಿದುಕೊಂಡಳು. ಇಷ್ಟು ದಿನ ಅವಳು ಲೋಕಮ್ಮನ ಐಶ್ವರ್ಯ ಎಂದುಕೊಂಡಿದ್ದದ್ದು ಬರಿಯ ಐದು ತಿಂಗಳು. ಅದರ ಮೇಲೂ ತಾನು ಕಣ್ಣು ಹಾಕಿದ್ದೆ ಎಂಬುದು ಅವಳಿಗೆ ಆಗಲೇ ಅರ್ಥವಾದದ್ದು. ಡಾಕ್ಟರ ಮುಂದೆ ಇದನ್ನು ಯಾಕೆ ಹೇಳಲಿಲ್ಲ, ಗಿರಣಿಯ ಮಾತಿಗೆ ಯಾಕೆ ಎದುರು ಹೇಳಲಿಲ್ಲ ಎಂದು ಕೇಳಬೇಕೆನ್ನುವಷ್ಟರಲ್ಲಿ ಬಾಗಿಲು ತೆರೆಯಿತು.

ನರ್ಸು ಹೊರಗೆ ಇಣುಕಿದಳು. "ಮಗು ತಾಯಿ ಸ್ವಲ್ಪ ಮಲಗ್ಲಿ, ಅವರು ಕೂತಲ್ಲೇ ತೂಕಡಿಸ್ತಿದ್ದಾರೆ. ಮಗೂನ ಎತ್ಕೊಂಡು ಕೂರೋಕೆ ಒಬ್ರು ಬನ್ನಿ."

ಲೋಕಮ್ಮ ತಟ್ಟನೆ ಎದ್ದಳು. ಎರಡು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು.

"ನಂಗೆ ಬೆಳಗಿಂದ ನೆಗಡಿ ಆಗೈತೆ ಸಿಸ್ಟರ್. ಮೂಗು ಸೋರ್ತೈತೆ" ಎಂದಳು. "ನಾ ಬರಲ್ಲ. ಇವ್ರು ಬರ್ತಾರೆ."

ಅಂದವಳೇ ತಿರುಗಿ ಬಂದು ಬೆಂಚಿನ ತುದಿಗೆ ಕೂತು ಗೋಡೆ ನೋಡತೊಡಗಿದಳು.

ಜಗದಾಂಬ ಕೈ ತೊಳೆದುಕೊಂಡು, ಮಾಸ್ಕ್ ಹಾಕಿಕೊಂಡು ಒಳಗೆ ಹೋದಳು. ಶರಣ್ಯ ಪಕ್ಕದ ಮಂಚದಲ್ಲಿ ಬಿದ್ದಲ್ಲೇ ನಿದ್ದೆಹೋಗಿದ್ದಳು. ನರ್ಸು ನಳಿಗೆ ಸರಿಮಾಡಿ ಮಗುವನ್ನು ಜಗದಾಂಬನ ತೊಡೆಯ ಮೇಲೆ ಇಟ್ಟಳು. ಮಗು ಅಳಲಿಲ್ಲ. ಅಳುವ ಶಕ್ತಿ ಇರಲಿಲ್ಲವೋ, ಗುರುತು ಸಿಕ್ಕಿತೋ, ಅವಳ ಕಿರುಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿತು. ಮಗು ತನ್ನ ಊರಿನಲ್ಲಿ, ತನ್ನ ಮಡಿಲಲ್ಲಿ, ಬೀಗಿತ್ತಿ ಬಾಗಿಲಾಚೆ. ಮೂರು ತಿಂಗಳು ಹಗಲಿರುಳು ಅವಳು ಕೇಳಿಕೊಂಡದ್ದು ಒಂದೂ ಬಿಡದೆ ನಡೆದಿತ್ತು.

ಆದರೂ ಅವಳಿಗೆ ಹೊಟ್ಟೆ ಉರಿಯಿತು. ಈ ಸಲ ಉರಿದದ್ದು ಒಂದು ಮಾತಿಗೆ. 'ನಂಗೆ ನೆಗಡಿ ಆಗೈತೆ, ನಾ ಬರಲ್ಲ.' ಅಷ್ಟೇ ಮಾತು. ಅಂದು ಆನವಟ್ಟಿಯ ಬಾಗಿಲಲ್ಲಿ ಮಾತ್ರೆ, ಮಲ್ಲಿಗೆ, ಲವಂಗ ಎಲ್ಲ ಸೇರಿಸಿಕೊಂಡು ತಾನು ಬಚ್ಚಿಟ್ಟ ಮಾತನ್ನು ಆ ಗಿರಣಿಯ ಹೆಂಗಸು ಎಷ್ಟು ಸುಲಭವಾಗಿ ಹೇಳಿ, ಎದ್ದವಳು ಮತ್ತೆ ಕೂತಳು. ಜಗದಾಂಬ ಗಾಜಿನಾಚೆ ನೋಡಿದಳು. ಲೋಕಮ್ಮನ ಬೆನ್ನಷ್ಟೇ ಕಾಣುತ್ತಿತ್ತು.

ಸಿದ್ಧಲಿಂಗೇಶ ಔಷಧಿಯ ಚೀಲ ಹಿಡಿದು ಒಳಗೆ ಬಂದ. ಅಮ್ಮನ ಮಡಿಲಲ್ಲಿ ಮಗು ನಿದ್ದೆಹೋದದ್ದು ಕಂಡು ಅವನ ಮುಖ ಸಡಿಲಾಯಿತು. "ಡಾಕ್ಟ್ರು ಇನ್ನೆರಡು ದಿನಕ್ಕೆ ಮನೆಗೆ ಹೋಗ್ಬಹುದು ಅಂದ್ರು. ನಮ್ಮನೇಲಿ ಮೇಲಿನ ರೂಮು ಕ್ಲೀನ್ ಮಾಡಿಸ್ತೀನಿ ಅಮ್ಮ" ಎಂದು ಪಿಸುಗುಟ್ಟಿದ.

"ಬ್ಯಾಡ. ಆನವಟ್ಟಿಗೇ ಕಳ್ಸು."

"ಏನು?"

"ಗಿರಣಿಯಿಂದ ಬಂದಿದ್ದಲ್ಲ ಅದು. ನೆಗಡಿ ನಂಗಿತ್ತು. ಹೆಸರಿಡೋಕೆ ಹೋಗೋವಾಗ್ಲೇ ಇತ್ತು. ಮಾತ್ರೆ ನುಂಗಿ ಹೋಗಿದ್ದೆ."

ಸಿದ್ಧಲಿಂಗೇಶ ಔಷಧಿಯ ಚೀಲ ಕೆಳಗಿಟ್ಟ. "ಶರಣ್ಯ ಮೆಸೇಜ್ ಹಾಕಿದ್ಲಲ್ಲಮ್ಮ. ನೀ ಓದಿರ್ಲಿಲ್ವಾ?"

"ಓದಿದ್ದೆ."

"ಓದಿ ಅವನ ಕಿವಿಗೆ ಬಾಯಿ ಇಟ್ಯಾ?"

"ಹೂಂ" ಎಂದಳು ಜಗದಾಂಬ. ನನಗೂ ಆಸೆ ಇತ್ತು ಎನ್ನಬಹುದಿತ್ತು, ಆಸೆ ಎಂಬ ಮಾತು ಅಲ್ಲಿ ಹೊಂದುತ್ತಿರಲಿಲ್ಲ.

ಮಗ ಬಯ್ಯಲಿಲ್ಲ. ಬೈದಿದ್ದರೆ ಅವಳೂ ಎದುರಾಡಿ ಹಗುರಾಗುತ್ತಿದ್ದಳು. ಅವನು ಬಗ್ಗಿ, ಮಗುವಿನ ತಲೆಯ ಕೆಳಗೆ ಕೈಯಿಟ್ಟು, ನಳಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡು, ಅವಳ ಮಡಿಲಿಂದ ಎತ್ತಿಕೊಂಡ. ಅವಳ ಕಿರುಬೆರಳನ್ನು ಮಗುವಿನ ಮುಷ್ಟಿಯಿಂದ ಬಿಡಿಸಿದ. ಮಗು ಒಮ್ಮೆ ಮುಲುಗಿ ಅವನ ಎದೆಗೆ ಮುಖ ಹಚ್ಚಿತು. ಅವನು ಕಿಟಕಿಯ ಕಡೆ ತಿರುಗಿ ನಿಂತ. ಜಗದಾಂಬನ ತೊಡೆಯ ಮೇಲೆ ಮಗು ಇದ್ದ ಜಾಗ ಇನ್ನೂ ಬೆಚ್ಚಗಿತ್ತು. ಅವಳು ಎದ್ದು ಹೊರಗೆ ಬಂದಳು.

ಬಾಗಿಲು ತೆರೆದಿದ್ದರಿಂದ ಲೋಕಮ್ಮನಿಗೆ ಎಲ್ಲ ಕೇಳಿಸಿತ್ತು. ಕಣ್ಣು ಒರೆಸಿಕೊಳ್ಳುತ್ತಿದ್ದಳೋ, ಮೂಗು ಒರೆಸಿಕೊಳ್ಳುತ್ತಿದ್ದಳೋ. ಜಗದಾಂಬ ನಡುವೆ ಜಾಗ ಬಿಡದೆ ಅವಳ ಪಕ್ಕಕ್ಕೇ ಕೂತಳು. ಲೋಕಮ್ಮ ಸರಿಯಲು ನೋಡಿದಳು, ಸರಿಯಲು ಬೆಂಚು ಉಳಿದಿರಲಿಲ್ಲ.

"ದೂರ ಕೂತ್ಕಳಿ ಅಕ್ಕಾರೆ. ನಿಮಗೂ ಅಂಟುತ್ತೆ."

"ಇರ್ಲಿ ಬಿಡ್ರಿ" ಎಂದಳು ಜಗದಾಂಬ. "ಈ ನೆಗಡಿ ನಮ್ಮನೀದೇ."